ಅತ್ತಿಗೆ ಒರೆಸಿಟ್ಟ ಗನ್ನುಗಳು

ಮಹಾಲಯ ಅಮಾವಾಸ್ಯೆಗೆ ಇನ್ನೂ ಒಂದು ವಾರವಿತ್ತು. ಮೈದುನನ ಮಗ ಫ್ಯಾಕ್ಟರಿಯ ಗೆಳೆಯರ ಜೊತೆ ಎಲ್ಲೋ ಆಟಕ್ಕೆ ಹೋಗಿ ಬಂದವನು, ಅಂಗಿಯನ್ನು ಬಚ್ಚಲ ಬಕೆಟ್ಟಿಗೆ ಬಿಸಾಕಿ ಮಲಗಿಬಿಟ್ಟಿದ್ದ. ಬೆಳಿಗ್ಗೆ ಅದರ ಮೇಲೆ ಬಿಸಿನೀರು ಹೊಯ್ದೆ. ಕಿತ್ತಳೆ ಬಣ್ಣ ಬಿಟ್ಟುಕೊಂಡಿತು. ಜೊತೆಗೆ ಆ ವಾಸನೆ ಎದ್ದಿತು. ಕ್ಯಾಪ್ಸೂಲ್ ಮಾತ್ರೆಯನ್ನು ನೀರಿನಲ್ಲಿ ನೆನೆಹಾಕಿದರೆ ಬರುವಂಥದ್ದು. ಪೂರ್ತಿ ಸಿಹಿಯೂ ಅಲ್ಲ, ಪೂರ್ತಿ ಕಮಟೂ ಅಲ್ಲ. ಬಕೆಟ್ಟನ್ನು ಅಲ್ಲೇ ಬಿಟ್ಟು ಹಿತ್ತಿಲಿಗೆ ಬಂದು ನಿಂತೆ. ಮಳವಳ್ಳಿಯ ಈ ಮನೆಗೆ ಆ ವಾಸನೆ ಎಂದೂ ಬಂದಿರಲಿಲ್ಲ. ಅದು ಮದ್ದೂರಿನ ಹತ್ತಿರ ಇರುವ ನನ್ನ ತವರಿನ ಜಗುಲಿಯ ವಾಸನೆ. ಸೋಮವಾರಗಳ ವಾಸನೆ. ನನ್ನ ಅತ್ತಿಗೆಯ ಕೈಯ ವಾಸನೆ.

ಅತ್ತಿಗೆ ಹೋಗಿ ವರ್ಷ ಕಳೆಯಿತು. ಜನ ಅವಳನ್ನು ನೆನೆಯುವಾಗ ಎರಡು ಮಾತು ಹೇಳುತ್ತಾರೆ. ಒಂದು, ಬಹಳ ಸಹನೆಯ ಹೆಣ್ಣು ಅಂತ. ಇನ್ನೊಂದು, ಪಾಪ, ಸ್ವಲ್ಪ ಅಜಾಗ್ರತೆ ಅಂತ. ಎರಡನ್ನು ಕೇಳಿದರೂ ನನಗೆ ಮೈ ಉರಿಯುತ್ತದೆ. ಊರವರು ಹೇಳಿಕೊಂಡು ಸಾಯಲಿ ಎಂದು ಬಿಡಬಹುದಿತ್ತು. ಆದರೆ ಅವಳ ಮಗಳೂ ಅದನ್ನೇ ನಂಬಿಕೊಂಡು ಬೆಳೆಯುತ್ತಿದ್ದಳು. ಎಸ್ಸೆಸ್ಸೆಲ್ಸಿ ಓದುವ ಹುಡುಗಿ, ತನ್ನ ತಾಯಿ ನೋಡಿ ನಡೆಯಲು ಬಾರದವಳು, ಅದಕ್ಕೇ ಮೊದಲು ಕಣ್ಣು ಕಳೆದುಕೊಂಡಳು, ಆಮೇಲೆ ಜೀವ ಕಳೆದುಕೊಂಡಳು ಎಂದು ನನ್ನ ಎದುರಿಗೇ ಹೇಳಿದಳು. ಅವಳಿಗೆ ಹಾಗೆ ಕಲಿಸಿದ್ದು ನನ್ನ ತವರುಮನೆ.

ಅತ್ತಿಗೆ ಪೂರಿಗಾಲಿ ಕಡೆಯವಳು. ನಮ್ಮ ಅಮ್ಮ ತೀರಿಕೊಂಡ ಮೇಲೆ, ಹೆಂಗಸಿಲ್ಲದ ಮನೆ ಎಂದು ಅಣ್ಣನಿಗೆ ಅವಸರದಲ್ಲಿ ತಂದುಕೊಂಡ ಹೆಣ್ಣು. ಬಂದ ಹೊಸತರಲ್ಲಿ ಮಾತಿಗೊಂದು ಮಾತು ಕೊಡುತ್ತಿದ್ದಳು. ಮಗಳು ಅಂಗನವಾಡಿಗೆ ಹೋಗುವಷ್ಟಾದ ಮೇಲೆ ಹೆದ್ದಾರಿಯಿಂದ ಒಳಕ್ಕೆ ಹೊಸದಾಗಿ ಎದ್ದಿದ್ದ ಒಂದು ರೆಸಾರ್ಟಿಗೆ ಕೆಲಸಕ್ಕೆ ಸೇರಿದಳು. ರೂಮು ಗುಡಿಸುವ ಕೆಲಸ. ಅಲ್ಲಿ ಒಂದು ಆಟವಿತ್ತು. ಪಟ್ಟಣದಿಂದ ಬಂದವರು ಮುಖವಾಡ ಹಾಕಿಕೊಂಡು, ಗ್ಯಾಸಿನಿಂದ ಹಾರುವ ಬಣ್ಣದ ಗುಂಡುಗಳನ್ನು ಗನ್ನಿನಲ್ಲಿ ತುಂಬಿ ಒಬ್ಬರಿಗೊಬ್ಬರು ಹೊಡೆಯುವುದು. ಗುಂಡು ಮೈಗೆ ತಾಗಿ ಒಡೆದರೆ ಬಣ್ಣ ಚೆಲ್ಲುತ್ತದೆ, ಅವನು ಸತ್ತಂತೆ ಲೆಕ್ಕ. ಆಟ ಮುಗಿಸಿ ಬಂದವರನ್ನು ನೋಡಿ ಅತ್ತಿಗೆ ನಗುತ್ತಿದ್ದಳು. ಕೊಕ್ಕರೆ ಬೆಳ್ಳೂರಿನಲ್ಲಿ ಅವಳ ಚಿಕ್ಕಮ್ಮನ ಮನೆಯಿತ್ತು.

“ಬೆಳ್ಳೂರ್ ಉಣಸೇಮರದ್ ಕೆಳ್ಗೆ ಮಲ್ಗಿ ಎದ್ದಂಗವ್ರೆ ಕಣಮ್ಮಿ. ಅಲ್ಲಿ ಕೊಕ್ರೆ ಇಕ್ಕೆ ಬಿಟ್ಟಿ ಉದುರುಸ್ತವೆ, ಇಲ್ಲಿ ಕಾಸ್ ಕೊಟ್ಟು ಬಳ್ಕತರೆ,” ಎಂದಿದ್ದಳು ನನಗೆ.

ಗನ್ನು ತೊಳೆಯುವ ಕೆಲಸ ಮೊದಲು ಅಲ್ಲಿನ ಗಂಡಾಳುಗಳದ್ದಾಗಿತ್ತು. ಅವರಿಗೆ ಕೂತು ಮಾಡುವ ತಾಳ್ಮೆ ಇರಲಿಲ್ಲ. ಅತ್ತಿಗೆಗೆ ಬಂತು. ಮನೆಗೆ ತರಲು ಕಾರಣ ನೀರು. ರೆಸಾರ್ಟಿನ ಬೋರ್‌ವೆಲ್ ನೀರು ಗಡಸು. ಅದರಲ್ಲಿ ತೊಳೆದು ಒಣಗಿಸಿದರೆ ಒಳಗೆಲ್ಲ ಬಿಳಿ ಪೊರೆ ಕಟ್ಟುತ್ತಿತ್ತು. ನಮ್ಮೂರಿಗೆ ಹೊಳೆ ನೀರು ಬರುತ್ತದೆ. ಹಾಗಾಗಿ ಮಾಲೀಕರೇ ಒಪ್ಪಿ, ಆಟಕ್ಕೆ ರಜೆಯಿದ್ದ ಸೋಮವಾರ ಗನ್ನು ಮುಖವಾಡಗಳನ್ನೆಲ್ಲ ಅಕ್ಕಿ ಚೀಲದಲ್ಲಿ ತುಂಬಿಸಿ ಜೀಪಿನಲ್ಲಿ ಕಳಿಸುತ್ತಿದ್ದರು. ಇದನ್ನು ಒತ್ತಿ ಬರೆಯುತ್ತಿದ್ದೇನೆ. ಅವರೇ ಒಪ್ಪಿ ಕಳಿಸುತ್ತಿದ್ದರು.

ಜಗುಲಿಯ ಮೇಲೆ ಹಳೆಯ ಚಾಪೆ ಹಾಸಿ ಕೂರುತ್ತಿದ್ದಳು. ಗ್ಯಾಸಿನ ಸಿಲಿಂಡರನ್ನು ರೆಸಾರ್ಟಿನಲ್ಲೇ ಬಿಚ್ಚಿಸಿ ಇಟ್ಟು ಬಂದಿರುತ್ತಿದ್ದಳು. ಅದು ನಮ್ಮ ಮನೆಯ ಹೊಸಿಲು ಎಂದೂ ದಾಟಲಿಲ್ಲ. ಆದರೂ ಪ್ರತಿ ಗನ್ನನ್ನೂ ತಿಪ್ಪೆಯ ಕಡೆಗೆ ಹಿಡಿದು ಟ್ರಿಗರ್ ಎಳೆದು, ಒಳಗೆ ಉಳಿದ ಗಾಳಿಯನ್ನು ಬಿಟ್ಟೇ ಕೈ ಹಚ್ಚುತ್ತಿದ್ದಳು. ಪೈಪನ್ನು ತಿರುಗಿಸಿ ಬಿಚ್ಚುವಳು. ಅಪ್ಪನ ಹಳೆಯ ಪಂಚೆಯ ಪಟ್ಟಿಯನ್ನು ಸಣ್ಣ ಬಿದಿರುಕಡ್ಡಿಗೆ ಸುತ್ತಿ, ಬೆಚ್ಚಗಿನ ನೀರಿನಲ್ಲಿ ಅದ್ದಿ ಪೈಪಿನೊಳಗೆ ಎಳೆಯುವಳು. ಮೊದಲ ಪಟ್ಟಿ ಬಣ್ಣಬಣ್ಣವಾಗಿ ಬರುತ್ತಿತ್ತು, ಕೊನೆಯದು ಬಿಳಿಯಾಗಿ ಬರಬೇಕು. ಒಳಗೆ ಹಿಂದಕ್ಕೂ ಮುಂದಕ್ಕೂ ಓಡಾಡುವ ಪಿಸ್ಟನ್ನು ತೆಗೆದು ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಗೊಂದುಗಳನ್ನು ತಿಕ್ಕುವಳು. ಅದರ ರಬ್ಬರ್ ಉಂಗುರಗಳನ್ನು ಸ್ಟೀಲ್ ಮುಚ್ಚಳದಲ್ಲಿ ಸಾಲಾಗಿ ಇಟ್ಟು, ಒಂದೊಂದನ್ನೂ ಬೆರಳಲ್ಲಿ ಹಿಗ್ಗಿಸಿ ಬಿರುಕಿದೆಯೇ ಎಂದು ಬೆಳಕಿಗೆ ಹಿಡಿದು ನೋಡುವಳು. ಮುಖವಾಡದ ಗಾಜಿಗೆ ಸೆರಗು ತಾಗಿಸುತ್ತಿರಲಿಲ್ಲ, ಗೀರು ಬೀಳುತ್ತದೆ ಎಂದು. ಎಲ್ಲ ಒಣಗಿದ ಮೇಲೆ ರೆಸಾರ್ಟಿನವರು ಕೊಟ್ಟ ಪುಟ್ಟ ಶೀಷೆಯಿಂದ ಒಂದೆರಡು ತೊಟ್ಟು ಎಣ್ಣೆ. ಬೇರೆ ಯಾವ ಎಣ್ಣೆಯೂ ಕೂಡದು. ಆ ಶೀಷೆಯನ್ನು ಅಕ್ಕಿ ಡ್ರಮ್ಮಿನ ಹಿಂದೆ ಬಚ್ಚಿಡುತ್ತಿದ್ದಳು, ಏಕೆಂದರೆ ಅಣ್ಣ ಒಮ್ಮೆ ಅದನ್ನು ತೆಗೆದು ಗೇಟಿನ ಕೀಲಿಗೆ ಹಾಕಿಬಿಟ್ಟಿದ್ದ.

ಇಷ್ಟು ವಿವರವಾಗಿ ಬರೆದದ್ದು ಸುಮ್ಮನಲ್ಲ. ಅಜಾಗ್ರತೆಯವಳು ಅನ್ನುತ್ತಾರಲ್ಲ, ಅದಕ್ಕೆ.

ದಾರಿಯಲ್ಲಿ ಹೋಗುವವರು ನಿಂತು ಗೇಲಿ ಮಾಡುತ್ತಿದ್ದರು. ಏನಕ್ಕ, ಮಿಲ್ಟ್ರಿ ಸೇರ್ಕಂಡಾ ಎಂದು ಪಕ್ಕದ ಬೀದಿಯವನೊಬ್ಬ ಕೇಳಿದರೆ, ಊ ಕಣ್ಲಾ, ಮೊದ್ಲು ನಿನ್ಗೇ ಒಡಿಯಾದು ಅನ್ನುವಳು. ಅಪ್ಪನಿಗೆ ಮಾತ್ರ ಸೊಸೆಯ ಈ ಕೆಲಸ ಹೆಮ್ಮೆ. ಸೋಮವಾರ ಬೀಡಿ ಹಚ್ಚಿಕೊಂಡು ಜಗುಲಿಯ ತುದಿಯಲ್ಲಿ ಕೂತು ನೋಡುತ್ತಿದ್ದ. ಅಪ್ಪ ಆಲೆಮನೆ ನಡೆಸಿದವನು. ಕಬ್ಬು ಅರೆಯುವ ಗಾಣದ ಹಲ್ಲುಗಳಿಗೆ ಹರಳೆಣ್ಣೆ ಊಡಿಸಿ ಊಡಿಸಿ ಕೈ ಕಪ್ಪಾಗಿದ್ದವನು. ತೊಟ್ಟು ಎಣ್ಣೆಯಲ್ಲಿ ಕೆಲಸ ಮುಗಿಸುವುದು ಅವನಿಗೆ ಜಿಪುಣತನವಾಗಿ ಕಾಣುತ್ತಿತ್ತು.

“ಕಬ್ಣ ಅಂದ್ಮೇಲೆ ಎಣ್ಣೆ ಕೇಳ್ತದೆ ಕಣವ್ವ,” ಅನ್ನುತ್ತಿದ್ದ.

“ಇದು ನಿಮ್ ಗಾಣ ಅಲ್ಲ ಮಾವ. ಇದ್ರ ಒಟ್ಟೆ ಒಳ್ಗೆ ರಬ್ರ್ ಅದೆ. ಕಂಡ ಎಣ್ಣೆ ಬುಟ್ರೆ ಅಂಟ್ಕತದೆ,” ಅನ್ನುತ್ತಿದ್ದಳು ಅವಳು. ಇದು ಒಂದು ಸಲ ಆಡಿದ ಮಾತಲ್ಲ. ನಾನು ತವರಿಗೆ ಹೋದಾಗಲೆಲ್ಲ ಕೇಳಿದ್ದೇನೆ. ಅಪ್ಪನಿಗೆ ಗೊತ್ತಿರಲಿಲ್ಲ ಎಂದು ಯಾರೂ ಹೇಳಬಾರದು.

ಅವಳ ಕಣ್ಣು ಹೋದ ವರ್ಷ ಆಯುಧಪೂಜೆಗೆ ಮಕ್ಕಳನ್ನು ಕರೆದುಕೊಂಡು ನಾನು ಊರಿಗೆ ಹೋದಾಗ ಮಧ್ಯಾಹ್ನವಾಗಿತ್ತು. ಜಗುಲಿಯ ಮುಂದೆ ನೇಗಿಲ ಗುಳ, ಕುಡುಗೋಲು, ಪಂಪ್‌ಸೆಟ್ಟಿನ ಸ್ಪ್ಯಾನರು, ಅಣ್ಣನ ಬೈಕು. ಅವುಗಳ ಪಕ್ಕದಲ್ಲಿ ಗನ್ನುಗಳನ್ನು ಸಾಲಾಗಿ ಮಲಗಿಸಿತ್ತು. ಹಿಂದಿನ ದಿನ, ಸೋಮವಾರವೇ, ಅತ್ತಿಗೆ ತೊಳೆದು, ಒಣಗಿಸಿ, ಚೀಲದ ಬಾಯಿ ಕಟ್ಟಿಟ್ಟಿದ್ದ ಗನ್ನುಗಳು. ಅವಳು ರೆಸಾರ್ಟಿನ ಪೂಜೆಗೆ ಗುಡಿಸಿ ಸಾರಿಸಲು ಬೆಳಿಗ್ಗೆಯೇ ಹೋಗಿದ್ದಳು. ಅವಳಿಗೆ ಸಂತೋಷವಾಗಲಿ ಎಂದು ಅಪ್ಪ ಚೀಲ ಬಿಚ್ಚಿದ್ದ. ಗಾಣದ ಎಣ್ಣೆ ಡಬ್ಬಿಯಿಂದ ಪ್ರತಿ ಗನ್ನಿನ ಬಾಯಿಗೂ ಟ್ರಿಗರಿನ ಸಂದಿಗೂ ಹರಳೆಣ್ಣೆ ಹೊಯ್ದಿದ್ದ. ವಿಭೂತಿ ಬಳಿದು ಕುಂಕುಮ ಇಟ್ಟಿದ್ದ. ಪೈಪಿನ ಬಾಯಿಗೆ ಒಂದೊಂದು ಚೆಂಡು ಹೂವು ಸಿಕ್ಕಿಸಿದ್ದ. ಕಾಯಿ ಒಡೆದ ನೀರು ಅವುಗಳ ಮೇಲೇ ಚೆಲ್ಲಿತ್ತು.

ನಾನು ಬ್ಯಾಗು ಇಳಿಸುವಷ್ಟರಲ್ಲಿ ಅತ್ತಿಗೆ ಬಂದಳು. ಗೇಟಿನ ಹತ್ತಿರ ನಿಂತುಕೊಂಡಳು. ಅಪ್ಪ ಅವಳ ಮುಖವನ್ನೇ ನೋಡುತ್ತಿದ್ದ, ಮೆಚ್ಚುತ್ತಾಳೆ ಎಂದು. ಅವಳು ಹಬ್ಬದ ಸೀರೆಯಲ್ಲೇ ಚಾಪೆ ಹಾಸಿ ಕೂತು ಮೊದಲ ಗನ್ನನ್ನು ಬಿಚ್ಚಿದಳು. ಕುಂಕುಮವೂ ವಿಭೂತಿಯೂ ಎಣ್ಣೆಯಲ್ಲಿ ಕಲಸಿ ಕೆಂಪು ರಾಡಿಯಾಗಿ ಸ್ಪ್ರಿಂಗಿನ ಸುರುಳಿಗಳಿಗೆಲ್ಲ ಮೆತ್ತಿತ್ತು. ನಾನು ಪಕ್ಕದಲ್ಲಿ ಕೂತು ನನ್ನದೊಂದು ಹಳೆಯ ಹಸಿರು ಸೀರೆಯನ್ನು ಹರಿದು ಹರಿದು ಕೊಟ್ಟೆ. ಒಳಗೆ ಗಂಡಸರು ಊಟ ಮಾಡಿದರು. ಅವಳು ಏಳಲಿಲ್ಲ.

ಹೊತ್ತು ಇಳಿಯುವಾಗ ಅರ್ಧದಷ್ಟು ಆಗಿತ್ತು. ಅಷ್ಟರಲ್ಲಿ ಜೀಪು ಬಂತು. ಮಾರನೆಯ ದಿನ ರಜೆ, ಜನ ತುಂಬಿ ಬರುತ್ತಾರೆ, ಗನ್ನು ಬೇಕು. ಅತ್ತಿಗೆ ಮ್ಯಾನೇಜರಿಗೆ ಫೋನು ಮಾಡಿದಳು. ಇನ್ನರ್ಧ ಆಗಿಲ್ಲ, ಅವನ್ನು ಇಲ್ಲೇ ಬಿಡುತ್ತೇನೆ, ಒಳಗೆ ಎಣ್ಣೆ ಇಳಿದಿದೆ, ಟ್ರಿಗರ್ ಹಿಡಿತಕ್ಕೆ ನಿಲ್ಲುವುದಿಲ್ಲ ಎಂದು ನಾನು ಕೇಳುವಂತೆಯೇ ಹೇಳಿದಳು. ಆತ ಎಲ್ಲವನ್ನೂ ಕಳಿಸು, ಉಳಿದದ್ದನ್ನು ಬೆಳಿಗ್ಗೆ ಇಲ್ಲೇ ಮಾಡು ಎಂದ. ಆಗ ಅವಳು ಬಿಚ್ಚದೆ ಉಳಿದಿದ್ದ ಪ್ರತಿ ಗನ್ನಿನ ಟ್ರಿಗರಿಗೂ ನನ್ನ ಸೀರೆಯ ಹಸಿರು ಪಟ್ಟಿಯನ್ನು ಬಿಗಿಯಾಗಿ ಕಟ್ಟಿದಳು. ಹಸಿರು ಕಟ್ಟಿದ್ದನ್ನು ಮುಟ್ಟಬೇಡಿ ಎಂದು ಡ್ರೈವರನಿಗೂ ಹೇಳಿ ಕಳಿಸಿದಳು. ಇನ್ನೇನು ಮಾಡಬೇಕಿತ್ತು ಅವಳು? ಇಷ್ಟು ವರ್ಷ ಈ ಪ್ರಶ್ನೆಯನ್ನು ಎಷ್ಟೋ ಜನಕ್ಕೆ ಕೇಳಿದ್ದೇನೆ.

ಬೆಳಿಗ್ಗೆ ಬೇಗನೆ ಹೋದಳು. ಶೆಡ್ಡಿನಲ್ಲಿ ಕೂತು ಒಂದು ಗನ್ನು ಬಿಚ್ಚಿಕೊಂಡಿದ್ದಳಂತೆ. ಹೊರಗೆ ಜನ ಕಾಯುತ್ತಿದ್ದರು, ಗನ್ನು ಸಾಲುತ್ತಿರಲಿಲ್ಲ. ಅವಳ ಬೆನ್ನ ಹಿಂದೆ ಒಬ್ಬ ಆಳು ಹಸಿರು ಪಟ್ಟಿ ಕತ್ತರಿಸಿ, ಸಿಲಿಂಡರ್ ಹಾಕಿ, ಗುಂಡು ತುಂಬಿ ಗೋಡೆಗೆ ಹೊಡೆದು ನೋಡಿದ. ಬೆರಳು ತೆಗೆದರೂ ಗನ್ನು ನಿಲ್ಲಲಿಲ್ಲ. ಅಂಟು ಹಿಡಿದ ಟ್ರಿಗರ್ ಹಿಂದಕ್ಕೆ ಬರಲಿಲ್ಲ. ಒಂದರ ಹಿಂದೊಂದು ಗುಂಡು ಹಾರುತ್ತಲೇ ಇತ್ತು. ಗಾಬರಿಯಲ್ಲಿ ಅವನು ತಿರುಗಿದ. ಸದ್ದಿಗೆ ಅತ್ತಿಗೆಯೂ ತಿರುಗಿದಳು. ಗುಂಡು ಎಡಗಣ್ಣಿಗೆ ಬಡಿಯಿತು, ಒಂದು ಮಾರು ದೂರದಿಂದ.

ಇದನ್ನೆಲ್ಲ ನನಗೆ ಹೇಳಿದವಳು ಅವಳ ಜೊತೆ ರೂಮು ಗುಡಿಸುತ್ತಿದ್ದ ಹೆಂಗಸು, ಮಂಡ್ಯದ ಆಸ್ಪತ್ರೆಯ ವರಾಂಡದಲ್ಲಿ. “ಬಟ್ಟೆ ಕತ್ತರ್ಸಕ್ಕೆ ಏಳ್ದೋರು ಮ್ಯಾನೇಜರ್ರೇ ಕಣಕ್ಕ. ಬ್ಯಾಡ ಅಂತ ಇವ್ಳು ಬಾಯ್ ಬಡ್ಕಂಡ್ಲು,” ಎಂದಳು. ಆಮೇಲೆ ಅವಳೂ ಸುಮ್ಮನಾದಳು. ಅವಳಿಗೂ ಕೆಲಸ ಉಳಿಯಬೇಕಿತ್ತು.

ಮೈಸೂರಿಗೂ ಕರೆದುಕೊಂಡು ಹೋದೆವು. ಕಣ್ಣು ಉಳಿಯಲಿಲ್ಲ. ರೆಸಾರ್ಟಿನ ಮಾಲೀಕರು ಸೇಬು ಮೂಸಂಬಿ ಹಿಡಿದುಕೊಂಡು ನೋಡಲು ಬಂದರು. ಬಹಳ ಮೆತ್ತಗೆ ಮಾತಾಡಿದರು. ಗನ್ನು ಬಿಚ್ಚಿಸಿ ನೋಡಿದೆವು, ಒಳಗೆಲ್ಲ ಕುಂಕುಮ, ಮಿಷನ್ನನ್ನು ಮನೆಗೆ ಕೊಂಡುಹೋಗಿ ಹೀಗೆಲ್ಲ ಮಾಡಿದರೆ ನಾವೇನು ಮಾಡೋಣ ಎಂದರು. ಕತ್ತರಿಸಿದ ಪಟ್ಟಿಯ ಮಾತು ಅವರ ಬಾಯಲ್ಲಿ ಬರಲಿಲ್ಲ. ಅಣ್ಣ ಹಾಸಿಗೆಯ ಕಡೆ ತಿರುಗಿ, ಏನಾಯಿತು ಹೇಳು ಎಂದ. ಅಪ್ಪ ಅವಳ ಕಾಲ ಬಳಿ ನಿಂತಿದ್ದ. ಮಂಚದ ಕಬ್ಬಿಣ ಹಿಡಿದುಕೊಂಡು ನೆಲ ನೋಡುತ್ತಿದ್ದ.

“ನಾನೇ ಸರ್ಯಾಗ್ ಒರ್ಸಿರ್ನಿಲ್ಲ,” ಎಂದಳು ಅತ್ತಿಗೆ.

ನಾನು ಅಲ್ಲೇ, ಎಲ್ಲರ ಎದುರಿಗೇ, ಸುಳ್ಳು ಎಂದೆ. ಎಣ್ಣೆ ಹೊಯ್ದದ್ದು ಅಪ್ಪ, ಪಟ್ಟಿ ಕತ್ತರಿಸಿದ್ದು ಇವರ ಮ್ಯಾನೇಜರು, ಇವಳು ಎರಡನ್ನೂ ಬೇಡ ಎಂದಿದ್ದಳು ಎಂದೆ. ಅಣ್ಣ ನನ್ನ ಮೊಣಕೈ ಹಿಡಿದು ಆಚೆಗೆ ನೂಕಿದ. “ನೀನ್ ಕೊಟ್ಟೋದ್ ಎಣ್ಣು. ಸುಮ್ಕಿರು,” ಎಂದ. ಅಪ್ಪ ನನ್ನ ಪಕ್ಕದಿಂದಲೇ ನಡೆದು ಮೆಟ್ಟಿಲಿಳಿದು ಹೋದ. ಅವನು ಅಲ್ಲಿ ನಿಂತು ಒಂದು ಮಾತು ಆಡಿದ್ದರೆ ಸಾಕಿತ್ತು. ಆ ಮಾಲೀಕನಿಗೆ ಉತ್ತರ ಕೊಡಲು ನಮಗೆ ಬಾಯಿ ಇರುತ್ತಿತ್ತು. ನಮ್ಮ ಕಡೆಯ ತಪ್ಪನ್ನು ನಾವು ಒಪ್ಪಿದ್ದರೆ ಅವರ ತಪ್ಪನ್ನು ಕೇಳಬಹುದಿತ್ತು. ಅಪ್ಪನನ್ನು ಕಾಪಾಡಲು ಹೋಗಿ ನಮ್ಮ ಮನೆಯವರು ರೆಸಾರ್ಟಿನವರನ್ನೂ ಕಾಪಾಡಿದರು. ಅವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ, ಅವಳನ್ನು ಕೆಲಸಕ್ಕೂ ಕರೆಯಲಿಲ್ಲ.

ಮನೆಗೆ ಬಂದ ಮೇಲೆ, ಒಬ್ಬಳೇ ಸಿಕ್ಕಾಗ, ಯಾಕೆ ಹಾಗಂದೆ ಎಂದು ಕೇಳಿದೆ. ಅವಳು ಕಣ್ಣಿನ ಪಟ್ಟಿಯನ್ನು ಸರಿಮಾಡಿಕೊಳ್ಳುತ್ತ ಹೇಳಿದಳು, “ಮಾವ ಪ್ರೀತಿಯಿಂದ ಮಾಡುದ್ರು ಕಣಮ್ಮಿ. ಕಣ್ಣಂತೂ ಓಯ್ತು. ಇನ್ನ ಅವ್ರ ಮೊಕಾನೂ ಓಗ್ಬೇಕಾ?”

ಈ ಮಾತನ್ನು ಯಾರಿಗಾದರೂ ಹೇಳಿದರೆ ಎಂಥ ದೊಡ್ಡ ಗುಣ ಎಂದು ಕೈ ಮುಗಿಯುತ್ತಾರೆ. ನನಗೆ ಮುಗಿಯಲು ಕೈ ಬರುವುದಿಲ್ಲ. ಅವಳ ಮೇಲೂ ನನಗೆ ಸಿಟ್ಟಿದೆ. ಸತ್ತವಳ ಮೇಲೆ ಸಿಟ್ಟೇ ಎಂದರೆ, ಹೌದು. ಬೀದಿಯವನಿಗೆ ಬಾಯಿಗೆ ಬಾಯಿ ಕೊಡುತ್ತಿದ್ದವಳು ಮನೆಯವರ ಮುಂದೆ ಬಾಯಿ ಹೊಲಿದುಕೊಂಡಳು. ಹೊಲಿಗೆ ಹಾಕಿಸಿದವರು ಆಮೇಲೆ ಅದಕ್ಕೆ ಸಹನೆ ಎಂದು ಹೆಸರಿಟ್ಟರು.

ಆಮೇಲಿನ ವರ್ಷಗಳಲ್ಲಿ ಆ ಸುಳ್ಳು ಗಟ್ಟಿಯಾಯಿತು. ಗನ್ನು ಇಟ್ಟುಕೊಂಡು ಆಟ ಆಡಲು ಹೋಗಿ ಕಣ್ಣು ಕಳಕೊಂಡಳು ಎಂದು ಊರೇ ಹೇಳಿತು. ಅಪ್ಪನ ಕಾಲು ಸೋತ ಮೇಲೆ ಅವನ ಸ್ನಾನ, ಗಂಜಿ, ಎಲ್ಲ ಅವಳದೇ. ಒಂದು ಸಲ ನಾನು ಹೋಗಿದ್ದಾಗ ವೈದ್ಯನಾಥಪುರದಿಂದ ಯಾರೋ ನೆಂಟರು ಬಂದಿದ್ದರು. ಅವಳ ಕಣ್ಣಿನ ಮಾತು ಬಂತು. ಅಪ್ಪ ಮಲಗಿದ್ದಲ್ಲಿಂದಲೇ, “ಎಂಗಸ್ರಿಗೆ ಯಾಕ್ ಬೇಕಿತ್ತು ಆ ಕೆಲ್ಸ,” ಎಂದ. ಅತ್ತಿಗೆ ಅವನಿಗೆ ಅಂಬಲಿ ಕುಡಿಸುತ್ತಿದ್ದಳು. ಒಂದೇ ಕಣ್ಣಿನಲ್ಲಿ ದೂರ ಅಂದಾಜಾಗದು ಎಂದು ಲೋಟವನ್ನು ಮೊದಲು ಅವನ ಗಲ್ಲಕ್ಕೆ ತಾಗಿಸಿ, ಆಮೇಲೆ ತುಟಿಗೆ ತರುತ್ತಿದ್ದಳು. ಅವಳ ಕೈ ನಿಲ್ಲಲಿಲ್ಲ. ಬಗ್ಗಿಸಿ ಕುಡಿಸಿದಳು. ನಾನು ಊಟ ಮಾಡದೆ ಬಸ್ಸು ಹತ್ತಿದೆ.

ಅಪ್ಪ ನೆಮ್ಮದಿಯಾಗಿ ಹೋದ. ಅತ್ತಿಗೆ ಗಾರ್ಮೆಂಟ್ಸಿಗೆ ಸೇರಿಕೊಂಡಳು, ಪ್ಯಾಕಿಂಗಿಗೆ. ಹೋದ ವರ್ಷ ಒಂದು ಸಂಜೆ ವ್ಯಾನಿನಿಂದ ಇಳಿದು ಸರ್ವಿಸ್ ರಸ್ತೆ ದಾಟುತ್ತಿದ್ದಾಗ ಎಡಗಡೆಯಿಂದ ಬೈಕು ಬಂತು. ಎಡಗಡೆಯಿಂದ. ಮಣ್ಣಿಗೆ ಬಂದವರು ಎರಡು ಕಡೆ ನೋಡಿಕೊಂಡು ದಾಟಬೇಕಿತ್ತು ಎಂದು ಮಾತಾಡಿಕೊಂಡರು. ಯಾವ ಕಣ್ಣಿನಿಂದ ನೋಡಬೇಕಿತ್ತೋ ನನಗೆ ತಿಳಿಯದು. ಹೆಣದ ಪಕ್ಕದಲ್ಲಿ ಕೂತಿದ್ದ ಮಗಳು ನನ್ನ ತೋಳಿಗೆ ಮುಖ ಒತ್ತಿಕೊಂಡು, “ಅವ್ವ ಯಾವಾಗ್ಲೂ ಇಂಗೇ ಕಣತ್ತೆ, ನೋಡ್ಕಂಡ್ ಓಗಲ್ಲ,” ಎಂದಳು.

ಆವತ್ತೇ ಹೇಳಬೇಕೆಂದಿದ್ದೆ. ಅಣ್ಣ ನನ್ನನ್ನು ಹಿತ್ತಿಲಿಗೆ ಕರೆದು, ಹುಡುಗಿಗೆ ತಾತ ಅಂದರೆ ಪ್ರಾಣ, ಅವಳ ತಲೆ ಕೆಡಿಸಬೇಡ ಎಂದ. ತಾಯಿ ಸತ್ತ ಮಗುವಿನ ಮೇಲೆ ಇನ್ನೊಂದು ಭಾರ ಬೇಡವೆಂದು ಕಾದೆ. ಆದರೆ ಬಕೆಟ್ಟಿನಿಂದ ಆ ವಾಸನೆ ಎದ್ದ ದಿನ, ಇನ್ನು ಕಾಯುವುದಿಲ್ಲ ಎಂದುಕೊಂಡು ಹಬ್ಬಕ್ಕೆ ತವರಿಗೆ ಹೋದೆ.

ನಮ್ಮ ಕಡೆ ಮಹಾಲಯ ಅಮಾವಾಸ್ಯೆಯಂದು ಸತ್ತವರಿಗೆ ಎಡೆ ಇಡುತ್ತೇವೆ. ಅವರು ಇಷ್ಟಪಟ್ಟಿದ್ದನ್ನೆಲ್ಲ ಬಾಳೆ ಎಲೆಯಲ್ಲಿ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಅವರು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವೆ. ಹುಡುಗಿಯೂ ನಾನೂ ಅಡುಗೆಮನೆಯಲ್ಲಿ ವಡೆ ತಟ್ಟುತ್ತಿದ್ದೆವು. ಅಲ್ಲೇ ಹೇಳಿದೆ. ಅತ್ತಿಗೆ ಹೇಗೆ ಒರೆಸುತ್ತಿದ್ದಳು ಎಂಬುದರಿಂದ ಹಿಡಿದು ಆಸ್ಪತ್ರೆಯ ಮಂಚದವರೆಗೆ. ಅವಳು ಎಣ್ಣೆಯ ಬಾಣಲೆಯಿಂದ ಕಣ್ಣು ತೆಗೆಯದೆ ಕೇಳಿದಳು. ಕೊನೆಗೆ ಒಂದೇ ಪ್ರಶ್ನೆ ಕೇಳಿದಳು.

“ತಾತಂಗೆ ಗೊತ್ತಿತ್ತಾ ಅತ್ತೆ?”

ಇಲ್ಲ ಎಂದುಬಿಡಬಹುದಿತ್ತು. “ಗೊತ್ತಿತ್ತು ಕಣವ್ವ,” ಎಂದೆ.

ಅವಳು ಕೈ ತೊಳೆದು ನಡುಮನೆಗೆ ಹೋದಳು. ಅಲ್ಲಿ ಅಣ್ಣ ಮೂರು ಎಲೆ ಹಾಸಿದ್ದ. ಮೊದಲು ನಮ್ಮ ಅಮ್ಮನಿಗೆ, ಪಕ್ಕದಲ್ಲಿ ಅಪ್ಪನಿಗೆ, ಅಪ್ಪನ ಪಕ್ಕದಲ್ಲಿ ಅತ್ತಿಗೆಗೆ. ಬಡಿಸಿ ಆಗಿತ್ತು. ಹುಡುಗಿ ಬಗ್ಗಿ ತನ್ನ ತಾಯಿಯ ಎಲೆಯನ್ನು ಎರಡೂ ಕೈಯಲ್ಲಿ, ಒಂದು ಅಗುಳೂ ಚೆಲ್ಲದಂತೆ ಎತ್ತಿಕೊಂಡಳು. ಅಪ್ಪನ ಎಲೆಯನ್ನು ದಾಟಿ, ನಮ್ಮ ಅಮ್ಮನ ಎಲೆಯ ಆ ಬದಿಗೆ, ಗೋಡೆಯ ಕಡೆ ಇಟ್ಟಳು. ಸೀರೆ, ಬಳೆ, ಹೂವನ್ನೂ ಒಂದೊಂದಾಗಿ ಅಲ್ಲಿಗೆ ತಂದಳು. ತಾನು ನೋಡೇ ಇರದ ಅಜ್ಜಿಯ ಮಗ್ಗುಲಿಗೆ.

ಅಣ್ಣ ಧೂಪದ ತಟ್ಟೆ ಹಿಡಿದು ನಿಂತಿದ್ದ. ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದ. ನಾನೂ ನೋಡಿದೆ. ಅವನು ಎಲೆಯನ್ನು ಹಿಂದಕ್ಕೆ ಇಡಲಿಲ್ಲ. ಧೂಪ ತೋರಿಸಿ ಹೊರಗೆ ಬಂದು ಬಾಗಿಲು ಎಳೆದುಕೊಂಡ.

ಮೂವರೂ ಜಗುಲಿಯಲ್ಲಿ ನಿಂತೆವು. ಹುಡುಗಿ ನನ್ನಿಂದಲೂ ಒಂದಿಷ್ಟು ದೂರ ನಿಂತಿದ್ದಳು. ಅವಳ ತಾಯಿಯನ್ನು ಅವಳಿಗೆ ವಾಪಸು ಕೊಟ್ಟೆ, ತಾತನನ್ನು ಕಿತ್ತುಕೊಂಡೆ. ಹೀಗಾಗುತ್ತದೆಂದೇ ಅತ್ತಿಗೆ ಬಾಯಿ ಮುಚ್ಚಿಕೊಂಡಿದ್ದಳೇನೋ... ಕೇಳೋಣವೆಂದರೆ ಅವಳಿಲ್ಲ. ನನ್ನ ಸಿಟ್ಟು ಮಾತ್ರ ಒಂದು ಗುಲಗಂಜಿಯಷ್ಟೂ ಇಳಿದಿಲ್ಲ. ಮುಚ್ಚಿದ ಬಾಗಿಲ ಆಚೆ ಎಲೆ ತಣ್ಣಗಾಗುತ್ತಿತ್ತು. ಒಳಗೆ ಬಂದು ಉಣ್ಣಲು ಅಲ್ಲಿ ಯಾರೂ ಇರಲಿಲ್ಲ.